ಚುಕ್ಕಿಗೆ ಕುಡಿಸಿದ ಅರ್ಧ ಗೊಟ್ಟ

ಕಹಿಗೆ ರುಚಿ ಮಾತ್ರ ಇರುತ್ತದೆ, ವಾಸನೆ ಇರುವುದಿಲ್ಲ ಎಂದು ನಂಬಿದವರು ನಮ್ಮ ಮನೆಯಲ್ಲಿ ಒಂದು ಶ್ರಾವಣ ಕಳೆಯಬೇಕಿತ್ತು. ಮೊನ್ನೆ ಧಾರವಾಡದ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಆರಿಸುತ್ತ ನಿಂತಿದ್ದೆ. ಬಾಜೂಕಿನ ನಾರುಬೇರಿನ ಅಂಗಡಿಯವರು ಕಾಡುಜೀರಿಗೆ ಹುರಿಯಲು ಶುರುಮಾಡಿದರು. ಸುಟ್ಟ ಎಲೆ, ಹಳೆಯ ಕಂಬಳಿ, ಹಸಿ ಕಟ್ಟಿಗೆಯ ಹೊಗೆ, ಇವೆಲ್ಲ ಜಗಳಾಡಿ ಸಾಕಾಗಿ ಕೊನೆಗೆ ಒಂದೇ ಮನೆಯಲ್ಲಿ ಇರಲು ಒಪ್ಪಿಕೊಂಡಂಥ ವಾಸನೆ ಅದು. ಮೂಗಿಗೆ ತಾಕಿದ್ದೇ ತಡ, ನನ್ನ ಹೊಟ್ಟೆ ತಾನಾಗಿಯೇ ಬಿಗಿದುಕೊಂಡಿತು. ನನಗೀಗ ತಲೆ ನರೆತಿದೆ, ಕಚೇರಿಯಲ್ಲಿ ನಾನು ಒಳಗೆ ಬಂದರೆ ಎದ್ದು ನಿಲ್ಲುವವರೂ ಇದ್ದಾರೆ. ಆದರೆ ಈ ಬೆಳವಣಿಗೆಗಳನ್ನು ನನ್ನ ಹೊಟ್ಟೆಗೆ ಯಾರೂ ತಿಳಿಸಿದಂತಿಲ್ಲ. ಅದು ಇನ್ನೂ ಕಲಘಟಗಿ ತಾಲೂಕಿನ ಒಂದು ಹಳ್ಳಿಯ ಕುರಿದಡ್ಡಿಯ ಬಾಗಿಲಲ್ಲಿ ನಿಂತು, ಜಿಟಿಜಿಟಿ ಮಳೆಯಲ್ಲಿ ಹಿಂಡು ಮರಳುವುದನ್ನು ಕಾಯುತ್ತ, ಇವತ್ತು ಯಾವ ಕುರಿಯ ಗದ್ದ ಬಾತಿರುತ್ತದೋ ಎಂದು ಅಂಜುತ್ತಲೇ ಇದೆ.

ನಮ್ಮೂರು ದೇವಿಕೊಪ್ಪದ ಅಡವಿಯ ಸೆರಗಿನಲ್ಲಿತ್ತು. ಮನೆಯಲ್ಲಿ ಮನುಷ್ಯರಿಗಿಂತ ಕುರಿಗಳೇ ಹೆಚ್ಚು; ಬೇಸಿಗೆಯಲ್ಲಿ ಮನೆ ನಮ್ಮದಾಗಿರುತ್ತಿತ್ತು, ಮಳೆ ಹಿಡಿದರೆ ಅವುಗಳದ್ದಾಗುತ್ತಿತ್ತು. ನೆಂದ ಉಣ್ಣೆಯ ವಾಸನೆ ಅಡುಗೆಮನೆಯವರೆಗೂ ಬಂದು, ರೊಟ್ಟಿ ಬಡಿಯುವ ಅವ್ವನ ಪಕ್ಕದಲ್ಲಿ ನೆಂಟರ ಹಾಗೆ ಕೂತುಬಿಡುತ್ತಿತ್ತು. ಊರಿನ ಉಳಿದವರಿಗೆ ಮಳೆ ಎಂದರೆ ಬಿತ್ತನೆ, ನಮಗೆ ಮಳೆ ಎಂದರೆ ಹುಳ. ಎಳೆ ಹುಲ್ಲಿನ ಜೊತೆ ಹೊಟ್ಟೆಗೆ ಹೋಗುವ ಈ ಹುಳ ಒಳಗೇ ಕೂತು ರಕ್ತ ಕುಡಿಯುತ್ತದೆ. ಕುರಿ ಏನೂ ಹೇಳುವುದಿಲ್ಲ. ಮೇಯುತ್ತದೆ, ನಡೆಯುತ್ತದೆ, ಉಣ್ಣೆ ಹೊದ್ದುಕೊಂಡು ಮರ್ಯಾದಸ್ಥರ ಹಾಗೆ ಇರುತ್ತದೆ. ಆಮೇಲೆ ಒಂದು ಸಂಜೆ ಗದ್ದದ ಕೆಳಗೆ ನೀರು ತುಂಬಿದ ಸಣ್ಣ ಚೀಲ ಕಟ್ಟಿದಂತೆ ಬಾವು ಕಾಣುತ್ತದೆ. ಅದು ಕಂಡಾಗ ಬಹಳಷ್ಟು ಸಲ ತಡವಾಗಿರುತ್ತಿತ್ತು. ಹೀಗಾಗಿ ನಮ್ಮ ಅತ್ತಿ, ಅಂದರೆ ಅಪ್ಪನ ತಂಗಿ ನಿಂಗವ್ವ, ಪ್ರತಿ ಸಂಜೆ ದಡ್ಡಿಯ ಬಾಗಿಲಿಗೆ ಅಡ್ಡ ನಿಂತು ಒಳಗೆ ಹೋಗುವ ಒಂದೊಂದು ಕುರಿಯ ಗದ್ದವನ್ನೂ ಕೈಯಾಡಿಸಿ ನೋಡುತ್ತಿದ್ದಳು. ಅವಳ ಕೈ ಒಂದೆಡೆ ನಿಂತರೆ ನಮ್ಮೆಲ್ಲರ ಮಾತೂ ನಿಲ್ಲುತ್ತಿತ್ತು. ಆ ಕೈ ಮುಂದಿನ ಕುರಿಗೆ ಸರಿದ ಮೇಲೆಯೇ ಅವ್ವ ಒಲೆಗೆ ಕಟ್ಟಿಗೆ ಒಡ್ಡುತ್ತಿದ್ದಳು.

ಹುಳದ ಔಷಧಿಗೆ ನಮ್ಮಲ್ಲಿ ಎರಡು ಸಂಪ್ರದಾಯಗಳಿದ್ದವು, ಮಠಗಳಿಗೆ ಇರುವ ಹಾಗೆ. ಮೊದಲನೆಯದರ ಪೀಠಾಧಿಪತಿ ಅಪ್ಪನ ಅವ್ವ, ನಮ್ಮ ಆಯಿ. ಪಟ್ಟಕ್ಕೆ ಕಾದಿದ್ದವಳು ಅತ್ತಿ. ಬೇಸಿಗೆಯಲ್ಲಿ ಮುತ್ತಲ, ಅಂದರೆ ಮುತ್ತುಗದ ಗಿಡದ ಕೆಂಪು ಹೂವು ಉದುರಿ ಕಾಯಿ ಒಣಗಿದ ಮೇಲೆ, ಅವರಿಬ್ಬರೂ ಅಡವಿಗೆ ಹೋಗಿ ಚಪ್ಪಟೆ ಬೀಜಗಳನ್ನು ಉಡಿ ತುಂಬಿಕೊಂಡು ಬರುತ್ತಿದ್ದರು. ನೀರಲ್ಲಿ ನೆನೆಸಿ, ಸಿಪ್ಪೆ ತೆಗೆದು, ಒಣಗಿಸಿ ಕುಟ್ಟಿದ ಪುಡಿಗೆ ಹುರಿದ ಕಾಡುಜೀರಿಗೆ, ಬೇವಿನೆಲೆ ಸೇರಿಸಿ ಕುದಿಸಿದರೆ ಕೆಸರಿನ ಬಣ್ಣದ ಕಷಾಯ. ಕುಡಿಸಲಿಕ್ಕೆ ಗೊಟ್ಟ ಎಂಬ ಬಿದಿರಿನ ನಳಿಗೆ. ಒಂದು ತುದಿ ಓರೆಯಾಗಿ ಕೊಯ್ದದ್ದು, ಕುರಿಯ ದವಡೆಯ ಸಂದಿಯಲ್ಲಿ ಇಟ್ಟು ಎತ್ತಿದರೆ ಗಂಟಲಿಗೆ ಇಳಿಯುವಂಥದ್ದು. ಅದಕ್ಕಿಂತ ಮೊದಲು ಬೆಲ್ಲದ ನೀರು ಕುಡಿಸಲೇಬೇಕು. ಸಿಹಿಯ ವಾಸನೆಗೆ ಹುಳಗಳೆಲ್ಲ ಬಾಯಿ ತೆರೆದುಕೊಂಡು ಎದ್ದು ಬರುತ್ತವೆ, ಆಗ ಕಹಿ ಹೊಯ್ಯಬೇಕು ಎಂಬುದು ಆಯಿಯ ಸಿದ್ಧಾಂತ. ಕೊಲ್ಲುವ ಮುಂಚೆ ಹುಳಕ್ಕೂ ಉಪಚಾರ ಮಾಡುವ ಮನೆತನ ನಮ್ಮದು. ಕುದಿಸಿದವರು ಮೊದಲು ತಾವೇ ಒಂದು ಗುಟುಕು ಕುಡಿಯಬೇಕೆಂಬ ಕಟ್ಟಳೆಯೂ ಇತ್ತು. ಆಮೇಲೆ ಕುರಿಗಳು, ಕುರಿಗಳಾದ ಮೇಲೆ ಮಕ್ಕಳಾದ ನಾವು. ನಮಗೆ ಗೊಟ್ಟದ ಬದಲು ಚಮಚ ಎಂಬುದಷ್ಟೇ ಮನುಷ್ಯಜನ್ಮದ ಹೆಚ್ಚುಗಾರಿಕೆ. ಈ ಇಡೀ ಶಾಸ್ತ್ರದಲ್ಲಿ ಆಯಿ ಧ್ವನಿ ತಗ್ಗಿಸಿ ಹೇಳುತ್ತಿದ್ದ ಕಟ್ಟಳೆ ಒಂದೇ: ಗಬ್ಬದ ಕುರಿಗೆ ಮುತ್ತಲ ಹಾಕಬಾರದು.

ಎರಡನೆಯ ಸಂಪ್ರದಾಯ ದನದ ದವಾಖಾನೆಯ ಬಿಳಿ ಔಷಧದ್ದು. ಅದರ ಏಕೈಕ ಭಕ್ತ ಮಲ್ಲಪ್ಪ ಕಾಕಾ, ಅಪ್ಪನ ತಮ್ಮ, ಹಿಂಡು ಕಾಯುವವನು. ಅತ್ತಿ ಮತ್ತು ಕಾಕಾ ಒಡಹುಟ್ಟಿದವರು, ಒಂದೇ ಒಲೆಯ ರೊಟ್ಟಿ ತಿನ್ನುವವರು. ಆದರೆ ನಾನು ಮಾತು ಕಲಿಯುವ ಮೊದಲೇ ಅವರಿಬ್ಬರೂ ಪರಸ್ಪರ ಮಾತು ಬಿಟ್ಟಿದ್ದರು. ಅತ್ತಿಯ ಮದುವೆಯಲ್ಲಿ ಅಜ್ಜ ಅವಳಿಗೆ ಬಳುವಳಿಯಾಗಿ ಒಂದು ಹೆಣ್ಣುಕುರಿ ಕೊಟ್ಟಿದ್ದ. ಗಂಡ ತೀರಿಕೊಂಡು ಅವಳು ತವರಿಗೆ ಮರಳಿದಾಗ ಆ ಕುರಿಯ ಸಂತಾನವೂ ಜೊತೆಗೆ ಬಂತು. ಗುರುತಿಗೆಂದು ಅವುಗಳ ಬಲಗಿವಿಯ ತುದಿ ಸೀಳಿದ್ದರು. ನಮ್ಮವರಲ್ಲಿ ಹೆಂಗಸಿಗೆ ತನ್ನದು ಎನ್ನಲಿಕ್ಕೆ ಇರುತ್ತಿದ್ದುದು ಅಷ್ಟೇ, ಒಂದು ಸೀಳು ಕಿವಿ. ಒಂದು ವರ್ಷ ಕಾಕಾ ಆ ಕಿವಿಯ ಟಗರನ್ನು ಸಂತೆಯಲ್ಲಿ ಮಾರಿಬಂದ. "ಹಿಂಡಿನ್ಯಾಗ ಇದ್ದದ್ದು ಹಿಂಡಿಂದು" ಎಂದ. "ಕಿವಿ ಕಾಣಲಿಲ್ಲೇನು ನಿನಗ?" ಎಂದಳು ಅತ್ತಿ. ಅದೇ ಕಡೆಯ ಮಾತು. ಅಂದಿನಿಂದ ಇಬ್ಬರ ನಡುವಿನ ವ್ಯವಹಾರವೆಲ್ಲ ನಾಯಿ ಕರಿಯಾನ ಮುಖಾಂತರ ನಡೆಯಿತು. "ಏ ಕರಿಯಾ, ಹಿಂಡಿನ ಧಣಿಗೆ ಹೇಳು, ಹಳ್ಳದ ದಂಡಿ ಹುಲ್ಲು ಮೇಸಬ್ಯಾಡ ಅಂತ. ಅಲ್ಲೆ ನೀರು ನಿಂತೈತಿ, ಹುಳಾ ಆಗ್ತಾವು." ಕಾಕಾ ಕಂಬಳಿ ಕೊಡವುತ್ತ, "ಕರಿಯಾ, ಅವರಿಗೆ ಹೇಳು, ಹುಲ್ಲು ನೀರಾಗ ಬೆಳೀಲಾರದ ಬೆಂಕ್ಯಾಗ ಬೆಳೀತೈತೇನು ಅಂತ" ಎನ್ನುತ್ತಿದ್ದ. ಕರಿಯಾ ಇಬ್ಬರಿಗೂ ಬಾಲ ಅಲ್ಲಾಡಿಸಿ ತನ್ನ ತಟಸ್ಥ ನೀತಿಯನ್ನು ಕಾಪಾಡಿಕೊಂಡಿತ್ತು. ಆಯಿಗೆ ಮಾತ್ರ ಈ ರಾಜತಾಂತ್ರಿಕತೆ ಸೇರುತ್ತಿರಲಿಲ್ಲ. "ನಾ ನಿಮ್ಮ ಟಪಾಲದಾಕಿ ಅಲ್ಲ. ಒಂದ ಹೊಟ್ಟ್ಯಾಗ ಹುಟ್ಟೀರಿ, ಬಾಯಿ ಅದಾವ, ನೀವ ಮಾತಾಡ್ರಿ" ಎಂದು ಇಬ್ಬರ ಸುದ್ದಿಯನ್ನೂ ಇನ್ನೊಬ್ಬರಿಗೆ ಮುಟ್ಟಿಸುವುದನ್ನು ಬಿಟ್ಟಿದ್ದಳು. ಈ ವ್ರತವೇ ಮುಂದೆ ನಮ್ಮನ್ನು ಹಣಿಯಿತು.

ನಾನು ಹೇಳುತ್ತಿರುವ ಮಳೆಗಾಲದಲ್ಲಿ ಹಿಂಡಿಗೆ ಬಿಳಿ ಔಷಧ ಹಾಕಿದ ಮೇಲೂ ಕುರಿಗಳು ಬೀಳತೊಡಗಿದವು. ಮೊದಲು ಒಂದು, ಆಮೇಲೆ ಅದರ ಮಗ್ಗುಲಲ್ಲಿ ಮಲಗುತ್ತಿದ್ದದ್ದು. ಊರಿಗೆ ಬಂದ ದನದ ಡಾಕ್ಟರು ಒಂದು ಕುರಿಯ ಕಣ್ಣಿನ ಕೆಳರೆಪ್ಪೆ ಮಗುಚಿ ನೋಡಿದರು. ಕೆಂಪಗಿರಬೇಕಾದದ್ದು ಸುಣ್ಣ ಬಳಿದ ಗೋಡೆಯಂತಿತ್ತು.

"ಈ ಔಷಧ ಎಷ್ಟು ವರ್ಷದಿಂದ ಹಾಕ್ಲಿಕ್ಕತ್ತೀರಿ?" ಎಂದರು.

"ನಮ್ಮಪ್ಪ ಇದ್ದಾಗಿಂದ್ರಿ ಸಾಹೇಬ್ರ," ಎಂದ ಕಾಕಾ, ಮೆಚ್ಚುಗೆಯ ನಿರೀಕ್ಷೆಯಲ್ಲಿ.

"ಹಂಗಾದ್ರ ಈಗ ಹುಳಾ ಅದನ್ನ ಚಹಾ ಕುಡದಂಗ ಕುಡೀತಾವ ನೋಡ್ರಿ. ರೂಢಿ ಆಗ್ಯಾವ. ಬ್ಯಾರೆ ಔಷಧ ತರಸ್ತೀನಿ, ಬಂದು ಒಯ್ಯಿರಿ. ಆದ್ರ ಅದು ಕಡಕ್ ಅದ, ಗಬ್ಬದವಕ್ಕ ಬ್ಯಾಡ."

ಬಾಗಿಲ ಹಿಂದಿನಿಂದ ಅತ್ತಿ, "ಮುತ್ತಲ ಬೀಜ ಹಾಕಿದ್ರ ನಡೀತೈತೇನ್ರಿ?" ಎಂದು ಕೇಳಿದಳು. ಡಾಕ್ಟರು ನಗಲಿಲ್ಲ. "ಅದರಾಗ ಗುಣಾ ಅದ ಅಂತ ನಾವೂ ಓದೀವಿ ಅವ್ವಾರ. ಆದ್ರ ಎಷ್ಟು ಹಾಕಿದ್ರ ಹುಳಾ ಸಾಯ್ತಾವ, ಎಷ್ಟು ಹಾಕಿದ್ರ ಕುರಿಗೇ ತ್ರಾಸ ಆಗ್ತದ, ಅದನ್ನ ಯಾರೂ ನಮಗ ಬಿಡಿಸಿ ಹೇಳಿಲ್ಲ. ಗಬ್ಬದವಕ್ಕ ಅದೂ ಬ್ಯಾಡ್ರಿ." ಹೀಗೆ ಎರಡೂ ಸಂಪ್ರದಾಯಗಳು ಮೊದಲ ಸಲ ಒಂದು ಮಾತಿಗೆ ಸಹಿ ಹಾಕಿದವು. ಅದು ಯಾರಿಗೂ ಸಮಾಧಾನ ಕೊಡಲಿಲ್ಲ, ಯಾಕೆಂದರೆ ಅದಾಗಲೇ ಚುಕ್ಕಿಯ ಗದ್ದ ಬಾತಿತ್ತು, ಮತ್ತು ಚುಕ್ಕಿ ಗಬ್ಬವಿತ್ತು.

ಚುಕ್ಕಿ ಎಂದರೆ ಹಣೆಯ ಮೇಲೆ ಬಿಳಿ ಬೊಟ್ಟಿನ ಕರಿ ಕುರಿ. ಸೀಳು ಕಿವಿಯ ವಂಶದಲ್ಲಿ ಉಳಿದದ್ದು ಅದೊಂದೇ. ಅಜ್ಜ ಕೊಟ್ಟ ಬಳುವಳಿ ಮುಂದುವರಿಯುವುದಿದ್ದರೆ ಆ ಹೊಟ್ಟೆಯಿಂದ ಮುಂದುವರಿಯಬೇಕು, ಇಲ್ಲವಾದರೆ ಅತ್ತಿಯ ಪಾಲು ಅಲ್ಲಿಗೆ ಮುಗಿಯಿತು. ಕುರಿ ಹಿಂಡಿನ ಜೊತೆ ನಡೆಯಲಾರದೆ ದಡ್ಡಿಯಲ್ಲೇ ಉಳಿಯಿತು. ಅತ್ತಿ ತಾನು ಉಣ್ಣುವುದನ್ನು ಬಿಟ್ಟಳು ಎಂದರೆ ಉತ್ಪ್ರೇಕ್ಷೆಯಾದೀತು; ಉಂಡಳು, ಆದರೆ ತಾಟು ಹಿಡಿದುಕೊಂಡು ದಡ್ಡಿಯಲ್ಲಿ ನಿಂತು ಉಂಡಳು. ಒಂದು ಮುಂಜಾನೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಅವಳು ಕಷಾಯದ ಗಡಿಗೆ ಇಳಿಸಿ ಒಂದು ಗುಟುಕು ಕುಡಿದು ಮುಖ ಹಿಂಡುತ್ತಿದ್ದಳು. ಆಯಿ ಒಲೆಯ ಪಕ್ಕದಿಂದ, "ನಿಂಗವ್ವಾ, ಗಬ್ಬೈತಿ ಬೇ ಅದು" ಎಂದಳು.

"ಗಬ್ಬ ಉಳೀಬೇಕಂದ್ರ ತಾಯಿ ಉಳೀಬೇಕಲ್ಲ ಯವ್ವಾ. ಇವತ್ತು ಎದ್ದು ನಿಂತಿಲ್ಲದು."

ಆಯಿ ಬೂದಿಯನ್ನು ಕೆದರಿದಳು, ಉತ್ತರ ಅದರಲ್ಲಿ ಬಿದ್ದಿದೆಯೇನೋ ಎಂಬಂತೆ. "ಅರ್ಧಾ ಗೊಟ್ಟ ಹಾಕ್ತೀನಿ. ಅರ್ಧಾ," ಎಂದು ಅತ್ತಿ ತನಗೇ ಹೇಳಿಕೊಂಡು ಹೋದಳು.

ಅದೇ ದಿನ ಕಾಕಾ ಹಿಂಡನ್ನು ಅಪ್ಪನ ಸುಪರ್ದಿಗೆ ಬಿಟ್ಟು, ಕಲಘಟಗಿಗೆ ಹೋಗಿ ಹೊಸ ಔಷಧ ತಂದ. ನಾಯಿ ಹಿಂಡಿನ ಜೊತೆ ಅಡವಿಗೆ ಹೋಗಿತ್ತು, ರಾಯಭಾರಿ ಊರಲ್ಲಿರಲಿಲ್ಲ. ಅತ್ತಿ, ಅವ್ವ ಇಬ್ಬರೂ ಕಳೆ ತೆಗೆಯಲು ಹೊಲಕ್ಕೆ ಹೋಗಿದ್ದರು. ಆಯಿ ಪಡಸಾಲೆಯಲ್ಲಿ ಅಡ್ಡಾಗಿದ್ದಳು; ಮುಂಜಾನೆಯ ಗೊಟ್ಟದ ಸುದ್ದಿಯನ್ನು ತನ್ನ ವ್ರತದ ಪ್ರಕಾರ ಮಗನಿಗೆ ಮುಟ್ಟಿಸಲಿಲ್ಲ. ಕಾಕಾ ಸದ್ದು ಮಾಡದೆ ದಡ್ಡಿಗೆ ಹೋದ, ಬಂದ. ಅಲ್ಲಿ ಅವನು ಏನು ಮಾಡಿದನೆಂಬುದನ್ನು ಯಾರಿಗೂ ಹೇಳಲಿಲ್ಲ, ಹೇಳುವ ದಾರಿಯೂ ಇರಲಿಲ್ಲ.

ಶಾಲೆಯಿಂದ ಬಂದವಳು ನಾನು ಪಾಟಿಚೀಲ ಇಳಿಸುವಷ್ಟರಲ್ಲಿ ದಡ್ಡಿಯಿಂದ ಅತ್ತಿಯ ಕೂಗು ಕೇಳಿಸಿತು. ಓಡಿದೆ. ಅವಳು ಕೆಸರಲ್ಲೇ ಕೂತು ಚುಕ್ಕಿಯ ಮುಖವನ್ನು ತೊಡೆಯ ಮೇಲೆ ಎತ್ತಿಕೊಂಡಿದ್ದಳು. ಕುರಿಯ ತುಟಿಯ ಸುತ್ತ ಬಿಳಿ ಅಂಟಿತ್ತು. "ನೊರಿ ಬಂತವ್ವಾ! ನೊರಿ ಬಂತು! ನಾನ ಕೈಯಾರೆ ಕೊಂದ್ನೆ! ಯವ್ವ ಬ್ಯಾಡಂದ್ರೂ ಹಾಕಿದ್ನೆ!" ಎಂದು ಹಣೆ ಬಡಿದುಕೊಳ್ಳುತ್ತಿದ್ದಳು. ಹಿಂದಿನಿಂದ ಕಾಕಾ ಬಂದು ನಿಂತ. ಅವನು ಬಾಯಿ ತೆರೆದು, ಅಭ್ಯಾಸಬಲದಿಂದ ಸುತ್ತ ಕರಿಯಾನನ್ನು ಹುಡುಕಿದ್ದನ್ನು ನಾನು ಕಣ್ಣಾರೆ ಕಂಡೆ. ನಾಯಿ ಇರಲಿಲ್ಲ. ನಾನಿದ್ದೆ, ಆದರೆ ನನ್ನನ್ನು ಆ ಹುದ್ದೆಗೆ ಯಾರೂ ನೇಮಿಸಿರಲಿಲ್ಲ.

"ನೊರಿ ಅಲ್ಲದು," ಎಂದ. "ಹೊಸಾ ಔಷಧ ಅದು, ಅಕ್ಕಾ. ಅದೂ ಬಿಳೀದ. ಮಧ್ಯಾಹ್ನ ನಾ ಕುಡಿಸೇನಿ."

ಅತ್ತಿ ತಲೆ ಎತ್ತಿ ತಮ್ಮನ ಮುಖ ನೋಡಿದಳು. ಇಷ್ಟು ವರ್ಷಗಳ ಮೌನ ಒಡೆಯುವಾಗ ಏನೋ ದೊಡ್ಡ ಮಾತೇ ಬರಬೇಕೆಂದು ನೀವು ಎದುರುನೋಡಬಹುದು. ಬಂದದ್ದು ಇಷ್ಟೇ:

"ಎಷ್ಟು ಕುಡಿಸಿದಿ?"

"ಡಾಕ್ಟರ ಹೇಳಿದ್ದರಾಗ ಅರ್ಧಾ. ಗಬ್ಬೈತೆಲ್ಲ, ಅಂಜಿಕಿ ಬಂತು. ನೀ?"

"ನಾನೂ ಅರ್ಧಾ ಗೊಟ್ಟ. ನಾನೂ ಅಂಜಿದೆ ಮಲ್ಲ್ಯಾ."

ಅರ್ಧ ಕಹಿಗೆ ಅರ್ಧ ಬಿಳಿ ಕೂಡಿಸಿದರೆ ಏನು ಬರುತ್ತದೆ ಎಂಬ ಲೆಕ್ಕವನ್ನು ನಮ್ಮ ಶಾಲೆಯಲ್ಲಿ ಕಲಿಸಿರಲಿಲ್ಲ. ದವಾಖಾನೆ ಮುಚ್ಚಿದ ಹೊತ್ತು, ಕೇಳಲು ಡಾಕ್ಟರೂ ಇಲ್ಲ. ಚುಕ್ಕಿ ಕುತ್ತಿಗೆ ಚಾಚಿ ಮಲಗಿತ್ತು. ಕಣ್ಣು ತೆರೆದಿತ್ತು, ಮೆಲಕು ನಿಂತಿತ್ತು. ಮೆಲಕು ಹಾಕದ ಕುರಿ ನಿಂತ ಗಡಿಯಾರದ ಹಾಗೆ. ನೋಡಿದಷ್ಟೂ ಎದೆ ಹೊಡೆದುಕೊಳ್ಳುತ್ತದೆ. ಆಯಿ ಕೋಲೂರಿಕೊಂಡು ಬಂದಳು. "ಬರೇ ನೋಡ್ಕೋತ ಕುಂತ್ರ ಮೆಲಕು ಹಾಕ್ತೈತೇನು? ಹೊಟ್ಟಿ ತಿಕ್ಕ್ರಿ," ಎಂದು ಗದರಿದಳು. ಅವ್ವ ಬಿಸಿ ಗಂಜಿ ತಂದಳು. ಅಕ್ಕ ತಮ್ಮ ಇಬ್ಬರೂ ಕುರಿಯ ಆಚೆ ಈಚೆ ಕೂತು ತಿಕ್ಕತೊಡಗಿದರು.

"ಎಡಕ್ಕ ತಿಕ್ಕೋ. ಬಲಕ್ಕಲ್ಲ."

"ಗೊತ್ತೈತಿ ತಗೋ."

"ಗೊತ್ತಿದ್ರ ಬಲಕ್ಕ್ಯಾಕ ತಿಕ್ಕಾಕತ್ತಿ?"

"ಎಡಕ್ಕ ನೀನ ಕುಂತೀಯಲ್ಲ! ಸರಿ ಅತ್ತಾಗ."

"ನಾ ಸರಿಯಂಗಿಲ್ಲ."

ಕೂಡಿಟ್ಟ ಮಾತನ್ನೆಲ್ಲ ಅವರು ಆ ಸಂಜೆ ಒಂದು ಕುರಿಯ ಹೊಟ್ಟೆಯ ಮೇಲೆ ಖರ್ಚು ಮಾಡುತ್ತಿದ್ದರು. ನನಗೆ ನಗು ಬರಲಿಲ್ಲ. ಆಗ ನಾನು ಗದ್ದಗಳನ್ನು, ಹೊಟ್ಟೆಗಳನ್ನು, ಉಸಿರುಗಳನ್ನು ಕಾಯುವುದೇ ಬದುಕು ಎಂದುಕೊಂಡಿದ್ದೆ. ಹಿಂಡು ಮರಳಿತು. ಕಂದೀಲು ಹಚ್ಚಿದರು. ಒಳಗೆ ಯಾರೂ ತಾಟು ಹಾಕುವ ಮಾತೆತ್ತಲಿಲ್ಲ. ಕೊನೆಗೆ ಚುಕ್ಕಿಯ ಗಂಟಲಲ್ಲಿ ಒಂದು ಸಣ್ಣ ಗುಂಡು ಕೆಳಗಿಂದ ಮೇಲಕ್ಕೆ ಏರಿದ್ದು ಕಂಡಿತು. ಕೆಳದವಡೆ ಒಂದು ಬದಿಗೆ ಸರಿಯಿತು, ನಿಂತಿತು, ಇನ್ನೊಂದು ಬದಿಗೆ ಸರಿಯಿತು. ಕಾಕಾ ಎದ್ದು ಗೋಡೆಯ ಕಡೆ ತಿರುಗಿ, ಹೆಗಲ ಮೇಲಿನ ವಸ್ತ್ರದಿಂದ ಬಹಳ ಹೊತ್ತು ಮುಖ ಒರೆಸಿಕೊಂಡ. ಮಳೆನೀರು ಎಂದು ನಾವೆಲ್ಲ ನಂಬಿದೆವು, ಮಾಡಿನ ಕೆಳಗಿದ್ದರೂ.

ಮುಂದಿನ ದಿನಗಳಲ್ಲಿ ಗದ್ದದ ಬಾವು ಇಳಿಯಿತು. ಚುಕ್ಕಿ ಎದ್ದು ನಿಂತಿತು, ಗೋಡೆಗುಂಟ ನಡೆಯಿತು, ನನ್ನ ಲಂಗದ ಅಂಚನ್ನು ತಿಂದಿತು. ಯಾವ ಅರ್ಧ ಕೆಲಸ ಮಾಡಿತೆಂಬುದು ಯಾರಿಗೂ ತಿಳಿಯಲಿಲ್ಲ. "ನಿನ್ನ ಮುತ್ತಲದ ಗುಣಾ" ಎಂದು ಕಾಕಾ, "ಇಲ್ಲ ಬಿಡೋ, ನಿನ್ನ ಬಾಟ್ಲೀದು" ಎಂದು ಅತ್ತಿ; ಜಗಳವಾಡಲಿಕ್ಕೆ ಅವರ ಬಳಿ ಬೇರೆ ಸರಕೇ ಉಳಿದಿರಲಿಲ್ಲ. ಕರಿಯಾ ಕೆಲಸ ಕಳೆದುಕೊಂಡು ದಪ್ಪಗಾಯಿತು. ಆದರೆ ಅತ್ತಿ ರಾತ್ರಿ ಮಲಗುವ ಮುಂಚೆ ದಡ್ಡಿಗೆ ಹೋಗಿ ಕುರಿಯ ಪಕ್ಕೆಗೆ ಅಂಗೈ ಇಟ್ಟು ನಿಲ್ಲುತ್ತಿದ್ದಳು, ಒಳಗಿನ ಮರಿ ಒದೆಯುತ್ತದೋ ಎಂದು.

ಗೌರಿಹಬ್ಬ ಹತ್ತಿರ ಬಂದಿತ್ತು. ಒಂದು ಮುಂಜಾನೆ ಚುಕ್ಕಿ ಕಂದು ಹಾಕಿತು. ದಿನ ತುಂಬದ ಹೆಣ್ಣುಮರಿ, ಕರಿದು, ಒದ್ದೆ, ಬೆಕ್ಕಿನಷ್ಟು ಸಣ್ಣದು. ಅತ್ತಿ ಅದನ್ನು ತನ್ನ ಸೆರಗಿನಲ್ಲಿ ಹಿಡಿದು ದಡ್ಡಿಯ ಕಟ್ಟೆಯ ಮೇಲೆ ಕೂತಳು. ಮರಿಗೆ ಕಿವಿ ಪೂರಾ ಮೂಡಿದ್ದವು. ಬಲಗಿವಿಯ ತುದಿಯನ್ನು ಅವಳು ಎರಡು ಬೆರಳುಗಳ ನಡುವೆ ಹಿಡಿದುಕೊಂಡಿದ್ದಳು, ಬಿಡಲಿಲ್ಲ.

"ನಂದು," ಎಂದಳು. "ಯವ್ವ ಹೇಳಿದ್ಲು, ನಾ ಕೇಳಲಿಲ್ಲ."

ಕಾಕಾ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. "ನಿಂದಲ್ಲಕ್ಕ. ನಂದು. ಡಾಕ್ಟರ ಬ್ಯಾಡ ಅಂತ ಬಾಯಿಬಿಟ್ಟು ಹೇಳಿದ್ರು."

"ಯವ್ವ ಡಾಕ್ಟರಗಿಂತ ಹಿರ್ಯಾಕಿ. ನಂದ."

"ಅಲ್ಲಬೇ, ನಿಂದು ಬರೇ ಗಿಡದ ಬೀಜದ ನೀರು. ಅದರಾಗೇನೈತಿ?"

ಅತ್ತಿ ಆ ದುಃಖದಲ್ಲೂ ಕೆರಳಿದಳು. "ಏನೈತಿ ಅಂದ್ರ? ನನ್ನ ಮುತ್ತಲ್ದಾಗ ಏನೂ ಇಲ್ಲಂತೀ ಏನಲೇ?" ಎಂದವಳು, ತಾನು ಏನನ್ನು ಸಾಧಿಸಲು ಹೊರಟಿದ್ದೇನೆಂಬುದು ಹೊಳೆದು ಸುಮ್ಮನಾದಳು. ಮರಿಯನ್ನು ಹಿತ್ತಲಿನ ಬೇಲಿಯಾಚೆ ಹೂಳಿದರು. ಗುಂಡಿಯನ್ನು ಇಬ್ಬರೂ ತೋಡಿದರು, ಅಗತ್ಯಕ್ಕಿಂತ ಆಳವಾಗಿ.

ಚುಕ್ಕಿ ಆಮೇಲೂ ಕೆಲವು ವರ್ಷ ಬದುಕಿತು. ಮತ್ತೆ ಗಬ್ಬ ಕಟ್ಟಲಿಲ್ಲ. ಕಾಕಾ ಒಮ್ಮೆ ಹಿಂಡಿನ ಒಳ್ಳೆಯ ಹೆಣ್ಣುಮರಿಯೊಂದನ್ನು ಎತ್ತಿಕೊಂಡು ಬಂದು, ಕುಡಗೋಲನ್ನೂ ಮುಂದಿಟ್ಟು, "ಇದರ ಕಿವಿ ಸೀಳು ಅಕ್ಕಾ, ನಿಂದಾಗ್ಲಿ" ಎಂದ. ಅತ್ತಿ ಮರಿಯ ಮೈ ಸವರಿದಳು. "ಕಿವಿ ಸೀಳಿದ್ರ ನಂದಾಗ್ತೈತೇನೋ ಹುಚ್ಚಾ? ಹಾಲು ಕುಡೀಲಿ, ಬಿಡು," ಎಂದು ವಾಪಸು ಕಳಿಸಿದಳು. ಅವರ ಮೇಲಿನ ತಪ್ಪು ಹಾಗೆಯೇ ಉಳಿಯಿತು. ಪ್ರತಿ ಮಳೆಗಾಲ, ಮೊದಲ ಗದ್ದ ಬಾತ ಕೂಡಲೇ, ಒಬ್ಬರು "ನಂದು" ಎನ್ನುವ ಮುಖ ಮಾಡುತ್ತಿದ್ದರು, ಇನ್ನೊಬ್ಬರು ಕೂಡಲೇ ಬೇರೆ ಮಾತು ತೆಗೆಯುತ್ತಿದ್ದರು. ಒಳ್ಳೆಯ ಜಗಳಕ್ಕೆ ಒಂದು ಕೊನೆ ಇರುತ್ತದೆ. ಹೀಗೆ ಇಬ್ಬರೂ ಸೋಲಲಿಕ್ಕೇ ಹೊಡೆದಾಡಿದರೆ ಅದು ಮುಗಿಯುವುದಿಲ್ಲ.

ಆಯಿ ಹೋದಳು. ಹುಲ್ಲುಗಾವಲಿದ್ದ ಕಡೆಗೆಲ್ಲ ಗೋವಿನಜೋಳ ಬಂತು, ಅಡವಿಗೆ ತಂತಿಬೇಲಿ ಬಂತು. ಹಿಂಡು ಕರಗುತ್ತ ಕರಗುತ್ತ ಒಂದು ದಿನ ದಡ್ಡಿ ಬರೀ ಅಂಗಳವಾಯಿತು. ಈಗ ಅಲ್ಲಿ ಕಾಕಾನ ಮಗನ ಟ್ರ್ಯಾಕ್ಟರ್ ನಿಲ್ಲುತ್ತದೆ. ಅದಕ್ಕೆ ಹುಳದ ಬಾಧೆ ಇಲ್ಲ. ಅತ್ತಿ ಪುಡಿಯನ್ನು ಎಷ್ಟು ಹಾಕುತ್ತಿದ್ದಳು, ಎಷ್ಟು ಹೊತ್ತು ಕುದಿಸುತ್ತಿದ್ದಳು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅವಳು ಅದನ್ನು ನಾಲಿಗೆಯಿಂದ ಅಳೆಯುತ್ತಿದ್ದಳು, ಆ ನಾಲಿಗೆ ಯಾರಿಗೂ ಬಳುವಳಿಯಾಗಿ ಬರಲಿಲ್ಲ.

ಅವಳ ಕಡೆಯ ದಿನಗಳಲ್ಲಿ ನಾನು ಊರಿಗೆ ಹೋಗಿದ್ದೆ. ಹೋಗುವ ಮುಂಚೆ ಧಾರವಾಡದಲ್ಲಿ ಪರಿಚಯದ ಪಶುವೈದ್ಯರೊಬ್ಬರನ್ನು ಕೇಳಿಕೊಂಡಿದ್ದೆ. ಅವರು ಎಲ್ಲ ಕೇಳಿ, ಹುಳ ಅಷ್ಟು ರಕ್ತ ಕುಡಿದಿದ್ದರೆ ಆ ಕುರಿಗೆ ಮರಿ ಹೊರುವ ತ್ರಾಣ ಎಲ್ಲಿರುತ್ತದೆ, ಬಹುಶಃ ಹುಳದಿಂದಲೇ ಹೋಗಿದ್ದೀತು ಎಂದರು. ಆದರೆ ಖಚಿತವಾಗಿ ಯಾರು ಹೇಳಬಲ್ಲರು ಎಂದೂ ಅಂದರು. ಈ ಎರಡನೆಯ ವಾಕ್ಯವನ್ನು ನಾನು ಧಾರವಾಡದಲ್ಲೇ ಬಿಟ್ಟು ಬಸ್ಸು ಹತ್ತಿದೆ. ಅತ್ತಿ ಒಳಗಿನ ಕೋಣೆಯಲ್ಲಿ ಹೊರಸಿನ ಮೇಲೆ ಮಲಗಿದ್ದಳು. ಕಿವಿಯ ಹತ್ತಿರ ಬಾಗಿ, "ಅತ್ತಿ, ಡಾಕ್ಟರಿಗೆ ಕೇಳಿದೆ. ಚುಕ್ಕಿ ಕಂದು ಹಾಕಿದ್ದು ಹುಳದಿಂದಂತ. ನಿನ್ನ ಕಷಾಯದಿಂದಲೂ ಅಲ್ಲಂತ, ಕಾಕಾನ ಔಷಧದಿಂದಲೂ ಅಲ್ಲಂತ," ಎಂದೆ.

ಅವಳು ನನ್ನ ಕಡೆ ತಿರುಗಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದಳು.

"ಖರೇನ?"

"ಖರೇನ ಅತ್ತಿ."

"ಮಲ್ಲ್ಯಾಗ ಹೇಳಿದೇನು ಮತ್ತ?"

ಕಾಕಾ ಹಿಂದಿನ ವರ್ಷವೇ ತೀರಿಕೊಂಡಿದ್ದ. ಅದು ಅವಳಿಗೆ ಗೊತ್ತಿತ್ತು. ಅವನ ಬಾಯಿಗೆ ಕಡೆಯ ನೀರು ಬಿಟ್ಟವಳು ಅವಳೇ. ಅವಳು ನನ್ನ ಕೈ ಬಿಟ್ಟು, ನಿಧಾನವಾಗಿ ಗೋಡೆಯ ಕಡೆಗೆ ಮಗ್ಗಲಾದಳು.

"ಅವಂಗ ಮೊದಲ ಹೇಳಬೇಕಿತ್ತವ್ವಾ," ಎಂದಳು. "ಭಾಳ ಮನಸಿಗೆ ಹಚಗೊಂಡಿದ್ದ."